ತ್ರೀ ಫೇಸ್ ಹೋಗುವ ಮುಂಚೆ

ಅಬ್ಬನ ಮೈಗೆ ಹಚ್ಚಲು ಕರ್ಪೂರ ಪುಡಿ ಮಾಡುತ್ತಿದ್ದ ಶಿಫಾಳ ಕೈ ನಿಂತಿತು. ಅವನಿಗೆ ತೋಡುತ್ತಿದ್ದ ಗುಂಡಿಯಲ್ಲಿ ನೀರು ಬಂದಿದೆಯೆಂದು ಅಣ್ಣ ಇಮ್ದಾದ್ ಬಾಗಿಲಲ್ಲೇ ನಿಂತು ಹೇಳಿದ. ಆ ವರ್ಷ ಕೆರೆ ಕೋಡಿ ಬಿದ್ದು, ಏರಿ ಹಿಂದಿನ ಕಬರಸ್ತಾನವೆಲ್ಲ ಜೌಗು ಹಿಡಿದಿತ್ತು. ಎರಡು ಕಡೆ ತೋಡಿದ್ದರು. ಎರಡರಲ್ಲೂ ಮಂಡಿಯುದ್ದ ನೀರು.

"ನೀರಲ್ಲಿ ಮಾತ್ರ ಮಲಗಿಸ್ಬೇಡ ಅಣ್ಣ," ಅಂದಳು ಶಿಫಾ.

*

ನಾಲ್ಕು ದಿನದ ಹಿಂದೆ ಆಸ್ಪತ್ರೆಯಲ್ಲಿ, ಮಲಗಲಾರದೆ ದಿಂಬಿಗೊರಗಿ ಕೂತಿದ್ದ ಅಬ್ಬ ದಸ್ತಗೀರ್, ಎದೆಯಲ್ಲಿ ನೀರು ಹೇಗೆ ನಿಲ್ಲುತ್ತದೆಂದು ಮಗಳನ್ನು ಕೇಳಿದ್ದ. ಮೂವತ್ತು ವರ್ಷ ತಿಪಟೂರಿನ ತೋಟಗಳ ಸುಟ್ಟ ಮೋಟರಿಗೆಲ್ಲ ತಂತಿ ಸುತ್ತಿದವನು ಅವನು. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಓದುತ್ತಿದ್ದ ಶಿಫಾ ಅವನಿಗೆ ತಿಳಿಯುವ ಹಾಗೇ ಹೇಳಿದಳು. ಶ್ವಾಸಕೋಶದ ಒಂದೊಂದು ಜೀವಕೋಶದಲ್ಲೂ ಉಪ್ಪನ್ನು ಆಚೆ ನೂಕುವ ಪಂಪುಗಳಿವೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಆದರೆ ಎಷ್ಟೋ ಪಂಪುಗಳು ಕೋಶದೊಳಗೇ ಪುಟ್ಟ ಚೀಲಗಳಲ್ಲಿ ಬಿದ್ದಿರುತ್ತವೆ. ಪ್ರೋಟೀನಿನ ಸಣ್ಣ ಮೋಟರುಗಳು ಎಳೆಗಳ ಮೇಲೆ ನಡೆದು, ಅವನ್ನು ಹೊತ್ತು ತಂದು ಗೋಡೆಗೆ ಕೂರಿಸಬೇಕು.

"ಅಂದ್ರೆ ಪಂಪು ಕೆಟ್ಟಿಲ್ಲ," ಅಬ್ಬ ಕೆಮ್ಮುತ್ತಲೇ ನಕ್ಕ. "ಅಂಗಡೀಲೇ ಕುಂತೈತೆ. ಹೊತ್ಕೊಂಡೋಗೋನು ಬಂದಿಲ್ಲ."

"ಇಂಜೆಕ್ಷನ್ ಕೊಟ್ಟವ್ರೆ. ಬೆಳಗ್ಗೆ ಹೊತ್ಗೆ ಆ ಮೋಟ್ರುಗ್ಳು ಪಂಪು ಹೊತ್ತು ತತ್ತವೆ ಅಬ್ಬಾ."

ಇನ್ನು ಯಾವ ಮದ್ದಿಗೂ ಆ ನೀರು ಇಳಿಯುವುದಿಲ್ಲವೆಂದು ಡಾಕ್ಟರು ಆಗಲೇ ಅವಳಿಗೆ ಹೇಳಿಯಾಗಿತ್ತು.

*

ಸಾವಿಗೆ ಬಂದಿದ್ದ ತೆಂಗಿನ ತೋಟದ ಹಾಲಸ್ವಾಮಿ ಗುಂಡಿಯ ವಿಷಯ ಕೇಳಿ ಎದ್ದು ಬಂದ.

"ನನ್ನ ಮೋಟ್ರು ಅಂಗಡೀಲೇ ಐತೆ ಕಣವ್ವ. ನಾಳೆ ಬಾ, ನಾಳೆ ಬಾ ಅಂತ ತಿಂಗ್ಳು ಸತಾಯಿಸ್ದ ನಿಮ್ಮಪ್ಪ. ಕೊನೀಗೆ ಸುತ್ತಿಟ್ಟೇ ಹೋಗವ್ನೆ. ಬೀಗದ ಕೈ ಕೊಡು, ಗುಂಡಿ ನೀರು ಎತ್ತಿಸ್ತೀನಿ. ಮೂರಕ್ಕೆ ತ್ರೀ ಫೇಸ್ ಕರೆಂಟು ಹೋಯ್ತದೆ."

ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟಿದ್ದ ಅಂಗಿಯ ಜೇಬಿನಿಂದ ಶಿಫಾ ಬೀಗದ ಕೈ ತೆಗೆದುಕೊಟ್ಟಳು. ಹಾಲಸ್ವಾಮಿ ಮೋಟರನ್ನು ತನ್ನ ಟಿವಿಎಸ್ ಮೇಲಿಟ್ಟುಕೊಂಡು ಹೋಗಿ, ಕಬರಸ್ತಾನದ ಪಕ್ಕದ ತೋಟದಿಂದ ವೈರು ಎಳೆಸಿದ.

ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಜನಾಜಾ ಹೆಗಲೇರಿ ಹೊರಟ ಮೇಲೆ ಶಿಫಾ ಹಿತ್ತಲಲ್ಲಿ ನಿಂತು ಕಿವಿಗೊಟ್ಟಳು. ಏರಿಯಾಚೆ ಅಬ್ಬ ಸುತ್ತಿದ ಮೋಟರು ಒಂದೇ ಸಮ ಗುಂಯ್‌ಗುಡುತ್ತಿತ್ತು. ಆ ಸದ್ದು ಕೇಳುವಷ್ಟು ಹೊತ್ತೂ ಅವಳು ಕದಲಲಿಲ್ಲ.

ಸದ್ದು ನಿಂತಿತು. ಒಳಗಿನ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು; ಕರೆಂಟು ಮೊದಲೇ ಹೋಗಿರಬೇಕು. ಜನ ಇನ್ನೂ ಕಬರಸ್ತಾನ ಮುಟ್ಟಿರಲಾರರು; ಅಷ್ಟರಲ್ಲಿ ಗುಂಡಿಗೆ ಮತ್ತೆ ನೀರು ಜಿನುಗುತ್ತದೆ.

ಸಂಜೆಗೆ ಇಮ್ದಾದ್ ಬಂದ. ತಂಗಿಯ ಮುಖ ನೋಡದೆ, ಅವಳು ಕೇಳುವ ಮೊದಲೇ, "ನೀರಿರ್ಲಿಲ್ಲ ಕಣೇ," ಅಂದ.

ಅವನ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ಅದರಂಚಿನಿಂದ ತೊಟ್ಟಿಕ್ಕುತ್ತಿದ್ದ ಕೆಮ್ಮಣ್ಣಿನ ನೀರು ಹೊಸ್ತಿಲ ಮೇಲೆ ನಿಲ್ಲುತ್ತಿತ್ತು.