ಮೋಟಾರಿಗೆ ಸಿಕ್ಕಿಸಿದ ಹೇರ್‌ಪಿನ್

ನಗರ್ತಪೇಟೆಯ ದೊಡ್ಡಬೈರಪ್ಪನವರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಇದ್ದದ್ದು ಒಂದೇ ಕೆಲಸದ ಬೆಂಚು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ನಾಲ್ಕು ವರ್ಷದಿಂದ ಅಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದೆ. ತೊಂಬತ್ತೇಳರಲ್ಲಿ ಯಜಮಾನರ ಅಕ್ಕನ ಮಗ ವಸಂತ್ ಡಿಪ್ಲೊಮಾ ಮುಗಿಸಿ ಬಂದ. ಬಂದ ದಿನವೇ ನನ್ನ ಸ್ಟೂಲಿನ ಮೇಲೆ ಕೂತ.

ಆ ವಾರ ಜರಿ ನೂಲು ಸುತ್ತುವ ಸುಬ್ಬಮ್ಮ ತಮ್ಮ ಯಂತ್ರದ ಡಿ.ಸಿ. ಮೋಟಾರನ್ನು ಚೀಲದಲ್ಲಿ ಹಾಕಿಕೊಂಡು ಬಂದರು.

“ನೂಲು ಸಿಕ್ಕಾಯ್ತು ಅಂತ ಸ್ವಿಚ್ ಆರಿಸಿದ್ರೂ ಈ ಮುಂಡೇದು ನಿಲ್ಲಲ್ಲ ಬೈರಪ್ಪ. ಇನ್ನೂ ಹತ್ತು ಸುತ್ತು ಎಳ್ದು ಜರಿ ಕಿತ್ತಾಕುತ್ತೆ.”

ಯಜಮಾನರು ನಮ್ಮಿಬ್ಬರನ್ನೂ ನೋಡಿದರು. “ಇದನ್ನ ಥಟ್ ಅಂತ ನಿಲ್ಲೋ ಹಾಗೆ ಮಾಡ್ದೋರಿಗೆ ಬೆಂಚು. ಇನ್ನೊಬ್ರು ಮುಂದ್ಗಡೆ ಕೂತು ಗಿರಾಕಿಗಳ ಹತ್ರ ಮಾತಾಡ್ಕೊಂಡಿರಿ.”

ಗಿರಾಕಿಗಳ ಜೊತೆ ಮಾತಾಡುವುದಕ್ಕಿಂತ ಬಾವಿಗೆ ಬೀಳುವುದು ವಾಸಿ ಎನಿಸಿತು ನನಗೆ.

ವಸಂತ್ ಮೋಟಾರನ್ನು ಬೆಂಚಿಗೆ ಬಿಗಿದು, ಶಾಫ್ಟಿಗೆ ಒತ್ತುವಂತೆ ಚರ್ಮದ ತುಂಡು ಕಟ್ಟಿದ. ಮೋಟಾರು ನಿಂತಿತು. ಹೊಗೆಯೂ ಬಂತು.

“ಯಾರಪ್ಪಾ ಚಪ್ಪಲಿ ಸುಡ್ತಿರೋದು?” ಎಂದು ಸುಬ್ಬಮ್ಮ ಮೂಗು ಮುಚ್ಚಿಕೊಂಡರು.

ಅವನು ಚರ್ಮ ಬಿಚ್ಚಿ, ಕರೆಂಟಿನ ವೈರು ಕಳಚಿಟ್ಟು ಕಾಫಿಗೆ ಹೋದ. ಕೆಲಸ ಮುಗಿದ ಮೋಟಾರಿನ ವೈರುಗಳ ತುದಿ ಹೆಣೆದಿಡುವುದು ನನ್ನ ಅಭ್ಯಾಸ. ಹಾಗೆ ಹೆಣೆದರೆ ಇಂಥ ಮೋಟಾರು ತಿರುವಲು ಬಿಗಿಯಾಗುವುದನ್ನು ನನ್ನ ಕೈ ಎಂದೋ ಕಂಡುಕೊಂಡಿತ್ತು. ಮೆಲ್ಲಗೆ ತಲೆಯಿಂದ ಹೇರ್‌ಪಿನ್ ತೆಗೆದು, ಗೋಡೆಯ ಕಡೆಗಿದ್ದ, ವೈರು ಸಿಕ್ಕಿಸುವ ಎರಡು ಟರ್ಮಿನಲ್‌ಗಳಿಗೂ ಅಡ್ಡಲಾಗಿ ಸಿಕ್ಕಿಸಿದೆ.

ವಸಂತ್ ಬಂದವನೇ ಶಾಫ್ಟನ್ನು ಜೋರಾಗಿ ತಿರುವಿದ. ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದಷ್ಟು ಬಿಗಿ.

“ಮಾವ, ಬೇರಿಂಗ್ ಹೋಗಿದೆ!”

ಗ್ರೀಸು ಹಾಕಿದ. ಸೀಮೆಎಣ್ಣೆ ಬಿಟ್ಟ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ, ಆಮೇಲೆ ಅಷ್ಟು ಮೆಲ್ಲಗಲ್ಲ. ನಿಧಾನವಾಗಿ ತಿರುವಿದರೆ ಸಲೀಸಾಗಿ ಬರುತ್ತಿತ್ತು, ಜೋರು ಮಾಡಿದಷ್ಟೂ ತಡೆಯುತ್ತಿತ್ತು. ನಾನು ತುಟಿ ಕಚ್ಚಿಕೊಂಡು ತಂತಿ ಸುತ್ತುತ್ತಿದ್ದೆ.

“ಬೆಳಗ್ಗೆ ಗಾಳಿ ಥರ ತಿರುಗ್ತಿತ್ತಲ್ಲೋ! ಹಾಳ್ಮಾಡ್ಬಿಟ್ಯಾ?” ಸುಬ್ಬಮ್ಮನ ಕಣ್ಣು ತುಂಬಿತು.

ಇನ್ನು ಸುಮ್ಮನಿರಲಾಗಲಿಲ್ಲ. ಎದ್ದು ಹೋಗಿ ಪಿನ್ ತೆಗೆದು ಶಾಫ್ಟು ತಿರುವಿದೆ. ಸರ್ರನೆ ತಿರುಗಿತು. ತಿರುಗುತ್ತಿರುವಾಗಲೇ ಪಿನ್ ಮತ್ತೆ ಇಟ್ಟೆ. ಗಕ್ಕನೆ ನಿಂತಿತು.

“ಇದ್ಯಾವ ಮಾಟ?” ಎಂದ ವಸಂತ್.

“ಕರೆಂಟ್ ತೆಗೆದ್ಮೇಲೂ ತಿರುಗ್ತಿರೋ ಮೋಟಾರು ಡೈನಮೋ ಆಗುತ್ತೆ. ಎರಡು ತುದಿ ಕೂಡಿಸಿದ್ರೆ, ಅದು ಹುಟ್ಸಿದ ಕರೆಂಟೇ ಅದನ್ನ ತಡಿಯುತ್ತೆ. ಜೋರಾಗಿ ತಿರುಗಿದಷ್ಟೂ ಜೋರಾಗಿ.”

ನಾಲ್ಕು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಯಜಮಾನರು ಪಿನ್ನಿನ ಜಾಗಕ್ಕೆ ಎರಡು ಕಡೆ ಒತ್ತುವ ಸ್ವಿಚ್ ಹಾಕಿಸಿದರು. ಒಂದು ಕಡೆ ಒತ್ತಿದರೆ ಕರೆಂಟು. ಇನ್ನೊಂದು ಕಡೆ ಒತ್ತಿದರೆ ಕರೆಂಟು ಕಡಿದು, ಮೋಟಾರಿನ ತುದಿಗಳೆರಡೂ ಕೂಡುತ್ತವೆ. ಸುಬ್ಬಮ್ಮ ಬೇಕೆಂದೇ ಏಳೆಂಟು ಸಲ ಒತ್ತಿ ನೋಡಿದರು.

ವಸಂತ್ ಮುಂದ್ಗಡೆ ಹೋಗಿ ಕೂತ. ಈಗಲೂ ಯಾರಾದರೂ ಬಿಗಿಯಾದ ಮೋಟಾರು ತಂದರೆ ಮೊದಲು ಅದರ ಹಿಂಭಾಗ ನೋಡುತ್ತಾನೆ, ಆಮೇಲೆ ನನ್ನ ತಲೆ.