ಭಾವನ ಡೆಮೊ ಕಾರು

ಅಕ್ಕನ ಗಂಡನಾದರೇನು, ನನ್ನ ಹೊಟ್ಟೆ ಉರಿಸಿದವನನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ.

ಭಾವನದು ಕಾರಿಗೆ ಸ್ಟೀರಿಯೊ ಕೂರಿಸುವ ಅಂಗಡಿ. ನನ್ನದು ಹಳೇ ಕಾರು, ಬಾಡಿಗೆಗೆ ಓಡಿಸುತ್ತೇನೆ. ಕೈಯಲ್ಲಿ ಕಾಸು ಅಷ್ಟಕ್ಕಷ್ಟೆ. "ವೂಫರ್ ಗೀಫರ್ ಬೇಡ ಭಾವ. ಸೆಕೆಂಡ್ ಹ್ಯಾಂಡ್ ಸೆಟ್ಟು, ಮುಂದಿನ ಬಾಗಿಲಿಗೆ ಒಳ್ಳೆ ಸ್ಪೀಕರು, ಸಾಕು. ಕೂಲಿ ಉಳಿಸೋಕೆ ನಾನೂ ಕೈ ಹಾಕ್ತೀನಿ" ಎಂದೆ. ಇನ್ನೊಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದೆ: "ಹಳೇ ಟೇಪ್ ಪ್ಲೇಯರ್ ನಂಗೆ ಬೇಕು. ಒಳಗೆ ಅಮ್ಮನ ಕ್ಯಾಸೆಟ್ ಸಿಕ್ಕಿಹಾಕ್ಕೊಂಡಿದೆ."

ಅಮ್ಮ ತೀರಿಹೋದ ಮೇಲೆ ಅವಳ ದನಿ ಉಳಿದಿದ್ದು ಅದೊಂದರಲ್ಲೇ. ತರಕಾರಿ ಹೆಚ್ಚುತ್ತಾ ಹಾಡಿದ್ದು, ನಡುವೆ ನನ್ನನ್ನು ಬೈದದ್ದು, ಎಲ್ಲ ಅದರಲ್ಲಿತ್ತು. ಕ್ಯಾಸೆಟ್ಟು ಹೊರಗೆ ಬರುತ್ತಿರಲಿಲ್ಲ, ಆದರೆ ಹಾಡುತ್ತಿತ್ತು; ದಿನಾ ಕಾರಿನಲ್ಲಿ ಅದನ್ನೇ ಕೇಳುತ್ತಿದ್ದೆ. ಜೋಪಾನವಾಗಿ ಬಿಚ್ಚಿಸಿ ಕಾಪಿ ಮಾಡಿಸಬೇಕೆಂದಿದ್ದೆ.

ಬಾಗಿಲಿನ ಸ್ಪೀಕರಿಗೆ ನಾನು ವೈರು ಸಿಕ್ಕಿಸಹೋದಾಗ ಭಾವ ಗದರಿದ. "ಏಯ್, ಪ್ಲಸ್ಸಿಗೆ ಪ್ಲಸ್ಸು! ಒಂದು ಸ್ಪೀಕರಿಂದು ಉಲ್ಟಾ ಆದ್ರೆ ಒಂದರ ಸದ್ದನ್ನ ಇನ್ನೊಂದು ತಿಂದುಹಾಕುತ್ತೆ. ಬಾಸ್ ಅನ್ನೋ ಗುಮ್ಮು ಮಾಯ. ಸ್ಪೀಕರು ಮಾತ್ರ ಚೆನ್ನಾಗೇ ಕುಣೀತಿರುತ್ತೆ. ಎಂಥವನೂ ತಲೆ ಕೆಡಿಸ್ಕೋತಾನೆ."

ಕೆಲಸ ಮುಗಿದ ಮೇಲೆ ಟೇಪ್ ಪ್ಲೇಯರ್ ಕೇಳಿದರೆ ಹಲ್ಲು ಕಿರಿದ. "ಅದಾ? ನೀನು ಟೀ ತರೋಕೆ ಹೋದಾಗ ಗುಜರಿಯವ್ನು ಬಂದಿದ್ದ, ಹಾಕ್ಬಿಟ್ಟೆ. ಹೋಗ್ಲಿ ಬಿಡೇ, ಯಾವ ಕಾಲದ ಡಬ್ಬಾ ಅದು!"

ಗುಜರಿ ಅಂಗಡಿಗೆ ಓಡಿದೆ. ಅಷ್ಟರಲ್ಲಿ ಪ್ಲೇಯರನ್ನು ಸುತ್ತಿಗೆಯಿಂದ ಒಡೆದು ತಾಮ್ರ ಬೇರೆ, ಕಬ್ಬಿಣ ಬೇರೆ ಮಾಡಿದ್ದರು. ಕ್ಯಾಸೆಟ್ಟಿನ ರೀಲು ಎಣ್ಣೆ ಚೆಲ್ಲಿದ ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಗೋಳೋ ಎಂದು ಅತ್ತೆ. ಎದ್ದಾಗ ಅಳು ನಿಂತಿತ್ತು, ಸಿಟ್ಟು ನಿಂತಿರಲಿಲ್ಲ.

ಅಂಗಡಿಯ ಮುಂದೆ ಭಾವನ ಡೆಮೊ ಕಾರು ನಿಂತಿರುತ್ತದೆ. ಡಿಕ್ಕಿಯಲ್ಲಿ ಎರಡು ದೊಡ್ಡ ವೂಫರು, ಬಾಸಿಗೆಂದೇ ಇರುವ ಸ್ಪೀಕರು. ನಾಲ್ಕು ಜನ ನೋಡಲೆಂದು ಡಿಕ್ಕಿ ಸದಾ ತೆರೆದೇ ಇರುತ್ತದೆ. ಆ ಗುಮ್ಮು ಎದೆಗೆ ಬಡಿದರೇನೇ ಗಿರಾಕಿ ಜೇಬಿಗೆ ಕೈ ಹಾಕುವುದು. ಜಿಪುಣ ಮುಂಡೇದು, ಸ್ವಂತ ಕಾರಿಗೆ ಮಾತ್ರ ಉಳಿಕೆ ಕಪ್ಪು ವೈರು ಹಾಕಿಕೊಂಡಿದ್ದ. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಬಣ್ಣ ನೋಡಿ ಹೇಳುವಂತಿಲ್ಲ. ಮಾರನೆಯ ದಿನ ಅವನು ಊಟಕ್ಕೆ ಹೋದಾಗ ಒಂದು ವೂಫರಿನ ಎರಡು ವೈರನ್ನು ಅದಲು ಬದಲು ಮಾಡಿ ಕೈ ಒರೆಸಿಕೊಂಡೆ.

ಸಂಜೆ ಗಿರಾಕಿಗಳ ಮುಂದೆ ಭಾವ ಗತ್ತಿನಿಂದ ವಾಲ್ಯೂಮ್ ಏರಿಸಿದ. ವೂಫರುಗಳು ಕುಣಿದವು, ಗುಮ್ಮು ಬರಲಿಲ್ಲ. "ಇದಕ್ಕಿಂತ ನಮ್ಮನೆ ರೇಡಿಯೋನೇ ವಾಸಿ ಕಣ್ರೀ" ಎಂದು ನಗುತ್ತಾ ಹೊರಟುಹೋದರು. ರಸ್ತೆಯಾಚೆ ನಿಂತು ನೋಡುತ್ತಿದ್ದ ನನಗೆ ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವನು ಆಂಪ್ಲಿಫೈಯರ್ ಬದಲಿಸಿದ, ಸೆಟ್ಟು ಬದಲಿಸಿದ, ಕಂಪನಿಯವರಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ವೂಫರಿಗೆ ತಾನೇ ಸಿಕ್ಕಿಸಿದ ವೈರನ್ನು ಮಾತ್ರ ಮುಟ್ಟಿ ನೋಡಲಿಲ್ಲ. ತನ್ನ ಕೈಕೆಲಸ ತಪ್ಪುವುದುಂಟೇ ಎಂಬ ಕೊಬ್ಬು.

ಕೊನೆಗೆ ನನ್ನ ಹತ್ತಿರವೇ ಬಂದ. ಮುಖ ಇಳಿದುಹೋಗಿತ್ತು. "ನಿನ್ ಕಿವಿ ಚುರುಕು ಕಣೇ, ಒಂದ್ಸಲ ಕೂತು ಕೇಳು. ಏನೋ ಕಳೆದುಹೋಗಿದೆ, ಎಲ್ಲಿ ಅಂತ ಸಿಕ್ತಾನೇ ಇಲ್ಲ."

ಡೆಮೊ ಕಾರಿನಲ್ಲಿ ಕೂತೆ. ಹಾಡು ಮುಗಿಯುವವರೆಗೂ ಕೇಳಿದೆ.

"ಹೋಗ್ಲಿ ಬಿಡಿ ಭಾವ" ಎನ್ನುತ್ತಾ ಇಳಿದೆ. "ಯಾವ ಕಾಲದ ಡಬ್ಬಾ ಇದು!"

ನಾನು ತಿರುಗಿ ನೋಡದೆ ನನ್ನ ಕಾರು ಹತ್ತಿ ಹೊಸದಾಗಿ ಕೂರಿಸಿದ ಸೆಟ್ಟು ಆನ್ ಮಾಡಿದೆ. ಚೆನ್ನಾಗಿಯೇ ಹಾಡಿತು, ಭಾವನ ಕೆಲಸದಲ್ಲಿ ಎರಡು ಮಾತಿಲ್ಲ. ಹಾಡಿನ ನಡುವೆ ಅಮ್ಮ ಬೈಯುತ್ತಾಳೆಂದು ಅಭ್ಯಾಸಬಲದಿಂದ ಕಾದೆ. ಬೈಯಲಿಲ್ಲ. ಆಫ್ ಮಾಡಿದೆ.