ಎರಡು ಪಾಯಿಂಟ್ ಒಂಬತ್ತು

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ, ನಾಲ್ಕನೆಯ ಗಾಜು ಒಡೆದಿದೆ. ಬೆಳಕು ಬಿದ್ದಾಗ ಮೊದಲು ಕಂಡದ್ದು ಒಂದು ಕಪ್ಪು ಗೆರೆ, ನೀರಿನ ಕಲೆಯಿರಬೇಕು ಅಂದುಕೊಂಡು ಒರೆಸಿದೆ, ಹೋಗಲಿಲ್ಲ, ಹೆಬ್ಬೆರಳಿನ ಉಗುರು ಒಳಗೆ ಹೋಯಿತು. ಅಂಗೈಯುದ್ದದ ಗಾಜಿನ ಪಟ್ಟಿ, ಚಾವಣಿಯ ಬಿರುಕಿಗೆ ಅಡ್ಡಲಾಗಿ ಎರಡೂ ತುದಿಗೆ ಸಿಮೆಂಟು ಮೆತ್ತಿ ಕೂರಿಸಿದ್ದು, ಹನ್ನೊಂದು ವರ್ಷದ ಹಿಂದೆ ನಾನೇ ಕೂರಿಸಿದ್ದು, ಗುಡ್ಡ ಒಂದು ಕೂದಲಷ್ಟು ಸರಿದರೂ ಮೊದಲು ಅದಕ್ಕೆ ಗೊತ್ತಾಗಬೇಕು, ಗಾಜಿಗೆ ಹಿಗ್ಗಲು ಬರುವುದಿಲ್ಲ, ಒಡೆಯಲು ಮಾತ್ರ ಬರುತ್ತದೆ. ಏನ್ ಮೇಡಂ, ಕೋತಿ ಕೆಲಸ ಇರಬಹುದಾ, ಅನ್ನುತ್ತಾನೆ ಕೆಳಗಿನಿಂದ ಕಾವಲುಗಾರ, ಇಪ್ಪತ್ತು ವರ್ಷದಿಂದ ಟಾರ್ಚು ಹಿಡಿದೇ ಬದುಕಿದ್ದಕ್ಕೆ ಎಲ್ಲರ ಬಾಯಲ್ಲೂ ಅವನ ಹೆಸರು ಬ್ಯಾಟ್ರಿ, ಕೋತಿ ಕತ್ತಲೆಗೆ ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತು, ಆದರೂ ಕೇಳುತ್ತಾನೆ, ಕೋತಿಯೇ ಆಗಿರಲಿ ಅಂತ ಅವನಿಗೂ ಆಸೆ. ಸುಣ್ಣದ ಕಲ್ಲಿನ ಗವಿ ಇದು, ಒಳಗೆ ದೇವಸ್ಥಾನ, ತೊಟ್ಟಿಕ್ಕುವ ನೀರಿನಲ್ಲೇ ಸುಣ್ಣ, ಇಲ್ಲಿ ಒಂದು ಸೌಟು ಬಿಟ್ಟುಹೋದರೂ ವಾರದಲ್ಲಿ ಬಿಳಿಪೊರೆ ಕಟ್ಟುತ್ತದೆ, ಈ ಒಡೆದ ಅಂಚಿಗೆ ಪೊರೆ ಇಲ್ಲ, ಮಿರಮಿರ ಹೊಳೆಯುತ್ತಿದೆ, ಬೆರಳು ಕೊಯ್ದುಕೊಂಡಿತು — ಹೊಸದು, ಇವತ್ತಿನದೋ ನಿನ್ನೆಯದೋ. ಅಳೆಯಬೇಕು, ಮೊದಲು ಅಳೆಯಬೇಕು, ಬಿರುಕಿನ ಆಚೆಗೊಂದು ಈಚೆಗೊಂದು ಉಕ್ಕಿನ ಮೊಳೆ, ಅವೆರಡರ ನಡುವಿನ ಅಂತರವೇ ನಮ್ಮ ಲೆಕ್ಕ, ಕ್ಯಾಲಿಪರ್ ತಣ್ಣಗಿದೆ, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಓದುತ್ತೇನೆ, ನಲವತ್ತನಾಲ್ಕು ಪಾಯಿಂಟ್ ಮೂರು ಅಂತ ಹೇಳುತ್ತೇನೆ, ನಲವತ್ತನಾಲ್ಕು ಪಾಯಿಂಟ್ ಮೂರು ಅಂತ ಬ್ಯಾಟ್ರಿ ತಿರುಗಿ ಹೇಳುತ್ತಾನೆ. ಅದು ಪದ್ಧತಿ, ಅಳೆದವರು ಹೇಳಬೇಕು, ಬೆಳಕು ಹಿಡಿದವರು ಅದನ್ನೇ ಮತ್ತೆ ಹೇಳಬೇಕು, ಮೇಲೆ ಹೋಗಿ ಇಬ್ಬರೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಿವಿಯಾದರೂ ಇರಲಿ ಅಂತ. ಹೋದ ತಿಂಗಳು ನನ್ನ ಕಣ್ಣೂ ಇಲ್ಲಿರಲಿಲ್ಲ, ಅವನ ಕಿವಿಯೂ ಇರಲಿಲ್ಲ.

ಹೋದ ತಿಂಗಳು ಒಂಬತ್ತನೇ ತಾರೀಖು ಅಕ್ಕನ ಕಣ್ಣಿನ ಆಪರೇಷನ್, ಹನ್ನೊಂದಕ್ಕೆ ಅಂದವರು ಎರಡೂವರೆಗೆ ಒಳಗೆ ಕರೆದುಕೊಂಡು ಹೋದರು, ನೀನು ಹೋಗೇ, ನಿನ್ನ ಗುಡ್ಡ ಕಾಯ್ತಿರತ್ತೆ ಅಂತ ಅಕ್ಕ ಹಸಿರು ಟೋಪಿ ಹಾಕಿಕೊಂಡು ಮಲಗಿದಲ್ಲಿಂದಲೇ ದಬಾಯಿಸಿದಳು, ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ. ನಾನು ಇಲ್ಲಿಗೆ ಬಂದಾಗ ಐದು ದಾಟಿತ್ತು, ಗವಿಗೆ ಬೀಗ, ಬ್ಯಾಟ್ರಿ ಮನೆಗೆ ಹೋಗಿದ್ದ, ವ್ಯವಸ್ಥಾಪಕರ ಕೋಣೆ ತೆರೆದಿತ್ತು, ಮೇಜಿನ ಮೇಲೆ ರಿಜಿಸ್ಟರು, ಕೂತು ಏಳು ಗಾಜಿಗೆ ಏಳು ಅಂಕಿ ಬರೆದೆ. ನಾಲ್ಕನೆಯದರ ಹಿಂದಿನ ಅಳತೆ ನಲವತ್ತೊಂದು ಪಾಯಿಂಟ್ ಎರಡು, ಅದು ನಿಜವಾಗಿ ಅಳೆದದ್ದು, ಅದನ್ನೇ ಬರೆದರೆ ನಕಲು ಅಂತ ಗೊತ್ತಾಗುತ್ತದೆ, ಅಳೆಯುವ ಕೈಗೆ ತಕ್ಕಂತೆ ತಿಂಗಳು ತಿಂಗಳು ಒಂದೆರಡು ಪಾಯಿಂಟ್, ಅಂದರೆ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು, ಹೆಚ್ಚುಕಡಿಮೆ ಬರುತ್ತಲೇ ಇತ್ತಲ್ಲ, ಎರಡು ಸೇರಿಸಿ ನಲವತ್ತೊಂದು ಪಾಯಿಂಟ್ ನಾಲ್ಕು ಅಂತ ಬರೆದೆ. ಹನ್ನೊಂದು ವರ್ಷದಲ್ಲಿ ಒಂದೇ ಸಲ. ಮಾರನೆಯ ದಿನ ಬ್ಯಾಟ್ರಿ ಪಕ್ಕದಲ್ಲಿ ಸಹಿ ಹಾಕಿದ, ಯಾವಾಗ ಇಳಿದ್ರಿ ಮೇಡಂ ಅಂತಲೂ ಕೇಳಲಿಲ್ಲ, ನೀವು ಬರೆದದ್ದು ಅಂದ್ರೆ ಬರೆದದ್ದೇ ಅಂದ. ಈಗ ಕಳೆಯುತ್ತೇನೆ, ತಲೆಯಲ್ಲೇ ಕಳೆಯುತ್ತೇನೆ, ನಲವತ್ತನಾಲ್ಕು ಪಾಯಿಂಟ್ ಮೂರರಲ್ಲಿ ನಲವತ್ತೊಂದು ಪಾಯಿಂಟ್ ನಾಲ್ಕು ಹೋದರೆ ಎರಡು ಪಾಯಿಂಟ್ ಒಂಬತ್ತು. ನಿಯಮ ಮೂರಕ್ಕೆ. ಎರಡು ಅಳತೆಗಳ ನಡುವೆ ಮೂರು ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚಾದರೆ ಆ ಕ್ಷಣ ಗವಿ ಖಾಲಿ ಮಾಡಿಸಬೇಕು, ಕಡಿಮೆಯಾದರೆ ನಮ್ಮ ಇಲಾಖೆಗೆ ಪತ್ರ ಬರೆದು ಎಂಜಿನಿಯರು ಬರುವ ತನಕ ಕಾಯಬೇಕು. ನಿಜವಾದ ಅಳತೆಯಿಂದ ಕಳೆದರೆ ಮೂರು ಪಾಯಿಂಟ್ ಒಂದು. ಕುರ್ಚಿಯಲ್ಲಿ ಕೂತು ನಾನು ಹುಟ್ಟಿಸಿದ ಆ ಎರಡು ಪಾಯಿಂಟು ಇಲ್ಲದಿದ್ದರೆ ಮೂರು ಪಾಯಿಂಟ್ ಒಂದು.

ಒಳಗಿನಿಂದ ನಗು ಕೇಳಿಸುತ್ತದೆ. ಈ ಬಿರುಕು ಇಲ್ಲಿಗೇ ನಿಲ್ಲುವುದಿಲ್ಲ, ಗರ್ಭಗುಡಿಯ ಮುಂದಿನ ಅಂಕಣದ ಮೇಲೆ ಹಾದು ಹೋಗುತ್ತದೆ, ಅದರ ಕೆಳಗೆ ಈಗ ಇಪ್ಪತ್ತಾರು ಜನ ಕೂತಿದ್ದಾರೆ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ನಿವೃತ್ತ ಆಪರೇಟರುಗಳು, ಬಸ್ಸು ಮಾಡಿಕೊಂಡು ಬಂದವರು, ಎಂಬತ್ತಾರು ಮೆಟ್ಟಿಲನ್ನು ಮೊಣಕಾಲು ಹಿಡಿದುಕೊಂಡು ಇಳಿದವರು, ಅವರ ನಡುವೆ ಅಕ್ಕ, ಹೊಸ ಕಣ್ಣಲ್ಲಿ ನಿನ್ನ ಗುಡ್ಡ ನೋಡ್ತೀನಿ ಕಣೇ ಅಂತ ಈ ತಾರೀಖನ್ನೇ ಆರಿಸಿಕೊಂಡು ಬಂದವಳು. ತಲೆಯ ಮೇಲೆ ಎರಡು ಬಾವಲಿ ಹಾರಿಹೋದವು, ಇನ್ನೂ ನಾಲ್ಕು, ಹಗಲು ಹತ್ತು ಗಂಟೆಗೆ ಬಾವಲಿ ಏಕೆ ಹಾರಬೇಕು, ಇವರ ಗದ್ದಲಕ್ಕೆ ಇರಬಹುದು, ಗದ್ದಲಕ್ಕೇ ಇರಲಿ. ಅಕ್ಕನನ್ನು ಮಾತ್ರ ಸನ್ನೆ ಮಾಡಿ ಕರೆದುಬಿಡಲೇ, ಮೇಲೆ ಬಾ, ಫೋನು ಬಂದಿದೆ ಅಂತ — ಥೂ, ಉಳಿದ ಇಪ್ಪತ್ತೈದು ಜನ ಯಾರ ಅಕ್ಕಂದಿರು. ಅರ್ಚಕರಿಗೆ ಹೇಳಿದೆ, ಸ್ವಲ್ಪ ಬೇಗ ಮುಗಿಸಿ, ಮೇಲೆ ಕಳಿಸಿ ಅಂತ, ಅವರು ನನ್ನ ರಕ್ತದ ಬೆರಳು ನೋಡಿದರು, ನನ್ನ ಮುಖ ನೋಡಿದರು, ವ್ಯವಸ್ಥಾಪಕರ ಚೀಟಿ ತನ್ನಿ ತಾಯಿ, ಹೋದ ಸಲ ನಿಮ್ಮ ಮಾತು ಕೇಳಿ ಏನಾಯ್ತು ಗೊತ್ತಲ್ಲ ಅಂದರು.

ಗೊತ್ತು. ಎಂಬತ್ತಾರು ಮೆಟ್ಟಿಲು ಹತ್ತುವಾಗ ಗೊತ್ತಿರುವುದು ಅದೊಂದೇ. ಮೂರು ವರ್ಷದ ಹಿಂದೆ ಆರನೆಯ ಗಾಜಿನಲ್ಲಿ ಗೀರು ಕಂಡಿತು, ನಾನು ಹೊರಗೆ ಹೊರಗೆ ಅಂತ ಕೂಗಿಕೊಂಡೆ, ಯಾರೋ ಸೀಟಿ ಊದಿದರು, ಜನ ಓಡಿದರು, ಗವಿಯ ಬಾಯಿಯ ಮೇಲೆ ಹೆಜ್ಜೇನು ಒಂಬತ್ತು ತಟ್ಟಿ ಕಟ್ಟಿರುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಯಾರ ತಲೆಗೂ ಬರಲಿಲ್ಲ, ಹನ್ನೊಂದು ಜನ ಆಸ್ಪತ್ರೆ ಸೇರಿದರು, ಆಮೇಲೆ ನೋಡಿದರೆ ಗುಡ್ಡ ಅಲುಗಿರಲೇ ಇಲ್ಲ, ಸಿಮೆಂಟು ಒಣಗಿ ಎಳೆದಿತ್ತು. ಆವತ್ತಿನಿಂದ ಯಾರ ಭಯಕ್ಕೂ ಬೆಲೆಯಿಲ್ಲ, ಅಂಕಿಗೆ ಮಾತ್ರ ಬೆಲೆ, ಆ ನಿಯಮ ಬರೆದುಕೊಟ್ಟವಳೂ ನಾನೇ. ಹಿಂದೆ ಬ್ಯಾಟ್ರಿ ಮರೆಯಬಾರದು ಅಂತ ಗೊಣಗುತ್ತ ಬರುತ್ತಿದ್ದಾನೆ, ನಲವತ್ತನಾಲ್ಕು ಪಾಯಿಂಟ್ ಮೂರು, ನಲವತ್ತನಾಲ್ಕು ಪಾಯಿಂಟ್ ಮೂರು, ಅವನು ಗೊಣಗದಿದ್ದರೆ ನಾನು ಮೂರನ್ನು ನಾಲ್ಕು ಮಾಡಬಹುದಿತ್ತು, ಒಂದೇ ಒಂದು ಪಾಯಿಂಟು, ಸುಳ್ಳಿನ ಮೇಲೊಂದು ಸುಳ್ಳು ಕೂರಿಸಿದರೆ ಸರಿಯಾಗಿ ಮೂರು, ಗವಿ ಖಾಲಿ, ಅಕ್ಕ ಹೊರಗೆ, ನನ್ನ ಕೆಲಸವೂ ಉಳಿಯಿತು, ನಿವೃತ್ತಿಗೆ ಇನ್ನು ಹತ್ತೊಂಬತ್ತು ತಿಂಗಳು. ಬ್ಯಾಟ್ರೀ, ಎಷ್ಟು ಅಂದೆ ನಾನು? ನಲವತ್ತನಾಲ್ಕು ಪಾಯಿಂಟ್ ಮೂರು ಮೇಡಂ, ಯಾಕೆ, ತಪ್ಪಾಯ್ತಾ? ಇಲ್ಲ ಕಣಪ್ಪ, ಸರಿಯಾಗೇ ಇದೆ.

ಬನ್ನಿ ಬನ್ನಿ ಗಾಜಿನಮ್ಮ ಅನ್ನುತ್ತಾರೆ ವ್ಯವಸ್ಥಾಪಕರು, ಗೋಡೆಗೆ ಭಕ್ತರ ಪಾದರಕ್ಷೆಯ ದರಪಟ್ಟಿ, ಮೇಜಿಗೆ ಗಾಜು, ಗಾಜಿನ ಕೆಳಗೆ ಕ್ಯಾಲೆಂಡರು, ಏನು ಮುಖ ಹಿಂಗಿದೆ, ಕೂತ್ಕೊಳ್ಳಿ. ಕೂರುವುದಿಲ್ಲ. ರಿಜಿಸ್ಟರು ತೆಗೆದು ಬರೆದೆ, ಅವರು ತಮ್ಮ ಕಡೆ ತಿರುಗಿಸಿಕೊಂಡು ಪೆನ್ಸಿಲಿನಲ್ಲಿ ಕಳೆದರು, ನಿಧಾನ, ದಶಾಂಶದ ಚುಕ್ಕಿಯನ್ನು ಎರಡು ಸಲ ಒತ್ತಿ. ಎರಡು ಪಾಯಿಂಟ್ ಒಂಬತ್ತು, ಅಂದರು, ಜಾಸ್ತಿನೇ ಆಗಿದೆ, ಆದರೆ ಮೂರಾಗಿಲ್ಲ, ಪತ್ರ ಬರೀರಿ, ಇವತ್ತೇ ಕಳಿಸ್ತೀನಿ. ಮೂರರ ಹತ್ತಿರ ಇದೆಯಲ್ಲ ಸರ್, ಗಾಜು ಪೂರ್ತಿ ಒಡೆದಿದೆ. ಹತ್ತಿರ ಅನ್ನೋದು ಬಸ್ ಸ್ಟ್ಯಾಂಡಿಗೆ ಹೇಳೋ ಮಾತು ಮೇಡಂ, ಆ ಇಪ್ಪತ್ತಾರು ಜನದಲ್ಲಿ ಹೃದಯದ ಕಾಯಿಲೆಯವರೇ ಎಷ್ಟಿದ್ದಾರೋ, ಜೇನು ಎದ್ರೆ ಯಾರು ಓಡ್ತಾರೆ, ಹೋದ ಸಲ ಒಬ್ಬ ಹೆಂಗಸನ್ನ ಬೆನ್ನ ಮೇಲೆ ಹೊತ್ತುಕೊಂಡು ಬಂದವನು ನಾನು, ಇಲ್ಲಿ ನೋಡಿ, ಈ ಕಿವಿ ಇವತ್ತಿಗೂ ಸರಿಯಾಗಿ ಕೇಳಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಕಿವಿಯ ಅಂಚು ಮುದುಡಿದೆ, ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಹೇಳುತ್ತಿದ್ದೆ. ಗೋಡೆಯ ಗಡಿಯಾರ ಹತ್ತು ಇಪ್ಪತ್ತೆಂಟು. ಕಣ್ಣಿಗೆ ಕಟ್ಟಿದ್ದು ಆ ಕಪ್ಪು ಗೆರೆ, ಉಗುರು ಒಳಗೆ ಹೋಗುತ್ತದೆ, ಈಗ ಬೆರಳೇ ಹೋಗಬಹುದೇನೋ, ಹೋದ ತಿಂಗಳದು ಅಳೆದದ್ದಲ್ಲ ಸರ್, ಅನ್ನುವುದು ಕೇಳಿಸಿತು, ನನ್ನದೇ ದನಿ, ಇಷ್ಟು ಸಣ್ಣ ದನಿ. ಏನಂದ್ರಿ, ಈ ಕಡೆ ಕಿವಿಗೆ ಹೇಳಿ. ಹೋದ ತಿಂಗಳು ನಾನು ಗವಿಗೆ ಇಳಿದೇ ಇಲ್ಲ, ಈ ಕುರ್ಚಿಯಲ್ಲಿ ಕೂತು ಬರೆದೆ, ಹಿಂದಿನ ನಿಜವಾದ ಅಳತೆಯಿಂದ ಕಳೀರಿ. ಅವರು ಹೋದ ತಿಂಗಳ ಸಾಲಿನ ಮೇಲೆ ಬೆರಳಿಟ್ಟರು. ಹಿಂದೆ ಬ್ಯಾಟ್ರಿಯ ಉಸಿರು ನಿಂತದ್ದು ತಿಳಿಯಿತು, ಆ ಸಾಲಿನ ಕೊನೆಗೆ ಅವನ ಸಹಿ ಇದೆ, ಗುಂಡು ಗುಂಡಾಗಿ, ಇವನದೇನೂ ತಪ್ಪಿಲ್ಲ ಸರ್, ನನ್ನ ಮಾತು ನಂಬಿ ಹಾಕಿದ. ಪೆನ್ಸಿಲು ಮತ್ತೆ ಓಡಿತು. ಮೂರು ಪಾಯಿಂಟ್ ಒಂದು. ಇದನ್ನ ಬರೆದು ಕೊಡಬೇಕಾಗತ್ತೆ ಮೇಡಂ ನೀವು. ಕೊಡ್ತೀನಿ, ಆಮೇಲೆ ಕೊಡ್ತೀನಿ. ಆಮೇಲೆ ಅಲ್ಲ, ಈಗ, ಎರಡು ಸಾಲು ಸಾಕು, ನಾಳೆ ನಾನು ಯಾವ ಆಧಾರದ ಮೇಲೆ ಬಾಗಿಲು ಹಾಕಿಸಿದೆ ಅಂತ ಕೇಳ್ತಾರೆ. ಎರಡು ಸಾಲು ಬರೆದೆ, ಬೆರಳಿನ ರಕ್ತ ಕಾಗದಕ್ಕೆ ಹತ್ತಿತು, ಅವರು ಅದಾಗಲೇ ಎದ್ದು ಚಪ್ಪಲಿ ಕಳಚುತ್ತಿದ್ದರು, ಸದ್ದಾಗಬಾರದಲ್ಲ, ಗಂಟೆ ಬೇಡ, ಸೀಟಿ ಬೇಡ, ಯಾರೂ ಓಡಬಾರದು, ಬ್ಯಾಟ್ರಿ ನೀನು ಗವಿಯ ಬಾಯಲ್ಲಿ ನಿಲ್ಲು, ಟಾರ್ಚು ಮೇಲಕ್ಕೆ ಹಿಡೀಬೇಡ, ಜೇನಿಗೆ ಬೆಳಕೂ ಆಗಲ್ಲ ಅಂದರು.

ಇಳಿಯುವಾಗ ಮೆಟ್ಟಿಲು ಎಣಿಸಲಿಲ್ಲ. ಅಕ್ಕ ಕಂಬಕ್ಕೆ ಒರಗಿ ಚಾವಣಿ ನೋಡುತ್ತಿದ್ದಳು, ಎಷ್ಟು ಬಿಳಿ ಕಣೇ ಈ ಕಲ್ಲು, ಇಷ್ಟು ದಿನ ನನಗೆಲ್ಲ ಹಳದಿ ಕಾಣ್ತಿತ್ತು ಅಂದಳು, ಅಕ್ಕಾ, ಎಲ್ಲರನ್ನೂ ಎಬ್ಬಿಸು, ಗದ್ದಲ ಮಾಡದೆ ಮೇಲೆ ಹೋಗಬೇಕು, ಈಗಲೇ, ಅಂದೆ ಅವಳ ಕಿವಿಯಲ್ಲಿ. ಯಾಕೆ? ಮೂರು ಮಿಲಿಮೀಟರು ದಾಟಿದೆ, ಹೋದ ತಿಂಗಳು ನಾನು ಬರದೆ ಸುಳ್ಳು ಬರೆದಿದ್ದೆ. ಆವತ್ತು ನೀನು ನನ್ನ ಜೊತೆ — ಅಂದವಳು ಅಲ್ಲಿಗೇ ನಿಲ್ಲಿಸಿದಳು, ಆ ಹೊಸ ಕಣ್ಣು ನನ್ನ ಮೇಲೇ ಇತ್ತು, ಪಕ್ಕದವಳ ಕಡೆ ಬಾಗಿ ಏನೋ ಹೇಳಿದಳು, ಪಕ್ಕದವಳು ಅವಳ ಪಕ್ಕದವಳಿಗೆ. ಮೂವತ್ತು ವರ್ಷ ಒಂದೇ ಹಾಲಿನಲ್ಲಿ ನಲವತ್ತು ಜನ ಕೂತು ಒಬ್ಬರ ಮಾತು ಇನ್ನೊಬ್ಬರ ಲೈನಿಗೆ ಬೀಳದ ಹಾಗೆ ಮಾತಾಡಿದವರು, ಆ ದನಿ ಅವರಿಗೆ ಮರೆತಿರಲಿಲ್ಲ, ಒಂದು ಸಾಲು ಪೂರ್ತಿ ಎದ್ದು ನಿಂತಿತು, ಬಟ್ಟೆಯ ಸರಸರ ಬಿಟ್ಟರೆ ಸದ್ದಿಲ್ಲ. ದೊಡ್ಡ ಗಂಟಲಿಗೆ ಟ್ರಂಕ್‌ಕಾಲ್ ಅಂತ ಹೆಸರಾದ ಹೆಂಗಸು ಒಬ್ಬರೇ ಬಾಯಿ ತೆರೆದರು, ಅಲ್ಲ ಕಣ್ರೇ, ಇನ್ನೂ ಮಂಗಳಾರತಿನೇ — ಅಕ್ಕ ಅಂಗೈ ಅವರ ಬಾಯಿಗೆ ಇಟ್ಟಳು, ಲೈನ್ ಎಂಗೇಜು, ನಡಿ. ನಡೆದರು. ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿ, ತಲೆ ಬಗ್ಗಿಸಿ, ಬಗ್ಗಿಸಿ, ಒಂದು, ಎರಡು, ಒಂಬತ್ತನೆಯವರಿಗೆ ಉಸಿರು ಕಟ್ಟುತ್ತದೆ, ಕೂರುತ್ತೇನೆ ಅನ್ನುತ್ತಾರೆ, ಇಲ್ಲಿ ಬೇಡ ಅಮ್ಮ, ಹತ್ತು ಮೆಟ್ಟಿಲು ಆಚೆಗೆ, ವ್ಯವಸ್ಥಾಪಕರು ಅವರ ತೋಳು ಹಿಡಿದಿದ್ದಾರೆ. ಮೇಲೆ ಬೆಳಕು, ಬೆಳಕಿನಲ್ಲಿ ಜೇನಿನ ತಟ್ಟಿಗಳು ಒದ್ದೆ ಕಂಬಳಿಯ ಹಾಗೆ ತೂಗುತ್ತಿವೆ, ಯಾರದೋ ಊರುಗೋಲು ಜಾರಿ ಕಲ್ಲಿಗೆ ಬಡಿಯಿತು, ಟಣ್, ಟಣ್, ಎಲ್ಲರೂ ನಿಂತರು, ನಡುವಿನ ತಟ್ಟಿಯ ಮೇಲೆ ಒಂದು ಅಲೆ ಎದ್ದಿತು, ಸಾವಿರ ರೆಕ್ಕೆ ಒಟ್ಟಿಗೆ ಮಿಂಚಿ ಮುಚ್ಚಿದವು, ಇನ್ನೊಂದು ಅಲೆ, ಒಂದು ಜೇನು ಬಂದು ಟ್ರಂಕ್‌ಕಾಲ್ ಅವರ ಕೆನ್ನೆಯ ಮೇಲೆ ಕೂತಿತು, ಅವರು ಕಣ್ಣು ಮುಚ್ಚಿದರು, ತುಟಿ ಬಿಗಿದರು, ಅದು ನಡೆದಾಡಿತು, ಹಾರಿಹೋಯಿತು. ಹತ್ತೊಂಬತ್ತು, ಇಪ್ಪತ್ತು. ನಾನು ಕಿಂಡಿಯ ಒಳಗಡೆ ನಿಂತಿದ್ದೇನೆ, ತಲೆಯ ಮೇಲೆ ನೋಡಬಾರದು, ನೋಡುತ್ತೇನೆ, ಕಪ್ಪು ಗೆರೆ. ಇಪ್ಪತ್ತೈದು. ಅಕ್ಕ ಬಂದಳು, ನನ್ನ ಬೆರಳು ನೋಡಿ ಸೆರಗಿನ ತುದಿ ಸುತ್ತಿದಳು, ಆಪರೇಷನ್ನು ಮುಂದಿನ ವಾರ ಮಾಡಿಸ್ಕೋಬಹುದಿತ್ತಲ್ಲೇ, ಹೇಳಬಾರದಿತ್ತಾ ಅಂದಳು, ಮೆಟ್ಟಿಲು ಹತ್ತಕ್ಕಾ, ಬೇಗ ನಡಿ, ಇಪ್ಪತ್ತಾರು. ಅರ್ಚಕರು ದೀಪ ಆರಿಸಿ ಬರುತ್ತಿದ್ದಾರೆ, ಅವರ ಹಿಂದೆ ಕತ್ತಲೆ, ಕತ್ತಲೆಯಲ್ಲಿ ತೊಟ್ಟು ನೀರು, ತೊಟ್ಟು, ಹೋದ ತಿಂಗಳೇ ಗಾಜಿಗೆ ಕೂದಲೆಳೆಯ ಗೀರು ಬಿದ್ದಿತ್ತೋ, ಬಿರುಕು ಆಗಲೇ ಹಿಗ್ಗಲು ಶುರುವಾಗಿತ್ತೋ, ಇಳಿದಿದ್ದರೆ ಕಾಣುತ್ತಿತ್ತೋ, ಗಾಜು, ಗಾಜಿನ ನಡುವೆ ಗೆರೆ, ಗೆರೆಯೊಳಗೆ ಉಗುರು, ಉಗುರು ಒಳಗೆ ಹೋಗುವಷ್ಟು —

ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಗವಿಯ ಗೇಟಿಗೆ ಬೀಗ ಬಿತ್ತು. ಚಾವಣಿ ಆ ದಿನ ಬೀಳಲಿಲ್ಲ, ಆ ವಾರವೂ ಬೀಳಲಿಲ್ಲ. ನನ್ನ ಅಮಾನತಿನ ಆದೇಶ ಹದಿನಾಲ್ಕನೆಯ ತಾರೀಖು ಬಂತು.